ತಾಮ್ರದ ಕೊಂಡಿಗಳ ಸರ

ಮದುವೆಯಾಗಿ ಮೂಡಲಗಿಗೆ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ ಪ್ರಶ್ನೆ ಇದು: "ಒಂದ ಕಡೆ ಕುಂಡಿ ಊರೂದಿಲ್ಲಲ್ಲ, ಅಂಗಾಲಿಗೆ ಇರಿವಿ ಹತ್ತ್ಯಾವೇನ ನಿನಗ?"

ಅದು ಬೈಗುಳವಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಅವರೇ ಒಮ್ಮೆ ಕುಳಿತರೆಂದರೆ ಕಲ್ಲು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಲೆಯ ಮುಂದೆ ಕುಳಿತರೆ ರೊಟ್ಟಿ ಬಡಿದು ಮುಗಿಯುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ನಾನು ಹಾಗಲ್ಲ. ಸಗಣಿ ಬಾಚುತ್ತಿದ್ದವಳು ನಡುವೆಯೇ ಎದ್ದು ಬೇಲಿಯ ಕಡೆ ಹೋಗಿಬಿಡುತ್ತಿದ್ದೆ. ನೀರಿಗೆ ಹೋದವಳು ಬಾವಿಯ ದಾರಿ ಬಿಟ್ಟು ಬಿದ್ದ ಗೋಡೆಯ ಹಿಂದೆ ಬಗ್ಗಿ ಏನನ್ನೋ ಹುಡುಕುತ್ತಿದ್ದೆ. ತಿರುಗಿ ಬರುವಾಗ ಉಡಿಯಲ್ಲಿ ಏನಾದರೊಂದು ಇರುತ್ತಿತ್ತು. ಗುಲಗಂಜಿ, ಒಡೆದ ಬಳೆಯ ಚೂರು, ಯಾರದೋ ಕೋಟಿನಿಂದ ಉದುರಿದ ಗುಂಡಿ, ನದಿಯಲ್ಲಿ ತಿಕ್ಕಿ ನುಣುಪಾದ ಬಾಟಲಿಯ ಗಾಜು.

ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು. ನನ್ನ ಗಂಡ ಗೋಕಾಕದ ಫಾಲ್ಸಿನ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದರು. ಹದಿನೈದು ದಿನಕ್ಕೊಮ್ಮೆ ರಜೆಗೆ ನಡೆದು ಬರುವರು, ಒಂದು ಗಂಟು ಕಡಕ್ ರೊಟ್ಟಿ ಕಟ್ಟಿಸಿಕೊಂಡು ಮರಳುವರು. ಉಳಿದ ದಿನಗಳನ್ನು ಕಳೆಯುವುದೇ ನನಗೆ ಕಷ್ಟ. ಕೆಲಸವೇನೋ ಬೇಕಾದಷ್ಟಿತ್ತು, ಆದರೆ ಆ ಕೆಲಸದಿಂದ ಕೈಗೆ ಸಮಾಧಾನವಾಗುತ್ತಿರಲಿಲ್ಲ. ಎದೆಯಲ್ಲಿ ಒಂದು ಚಡಪಡಿಕೆ ಕೂತೇ ಇರುತ್ತಿತ್ತು. ಏನಾದರೂ ಪೋಣಿಸುತ್ತಿದ್ದಾಗ ಮಾತ್ರ ಅದು ಸ್ವಲ್ಪ ಹೊತ್ತು ಬಿಡುತ್ತಿತ್ತು.

ಪೋಣಿಸುವುದನ್ನು ನನಗೆ ಯಾರೂ ಕಲಿಸಲಿಲ್ಲ. ಹುಣಸೆಬೀಜವನ್ನು ಕುದಿಸಿ ಮೆತ್ತಗಾದಾಗ ದಬ್ಬಳದಿಂದ ಚುಚ್ಚಬೇಕು, ಗುಲಗಂಜಿಯನ್ನು ಅದರ ಕಪ್ಪು ಕಣ್ಣಿನ ಹತ್ತಿರವೇ ಕಾದ ಸೂಜಿಯಿಂದ ತೂತು ಮಾಡಬೇಕು, ಇವೆಲ್ಲ ಬೀಜ ಒಡೆದು ಒಡೆದು ತಿಳಿದವು. ಬಳೆಯ ಚೂರು ಮಾತ್ರ ಎಲ್ಲ ಹುಡುಗಿಯರಿಗೂ ಗೊತ್ತಿದ್ದ ವಿದ್ಯೆ. ಚಿಮಣಿ ಬುಡ್ಡಿಯ ಉರಿಗೆ ಹಿಡಿದರೆ ಗಾಜು ಕೆಂಪಾಗಿ ತಾನೇ ಬಾಗುತ್ತದೆ. ಒಂದರೊಳಗೆ ಒಂದು ತೂರಿಸಿ ಬಾಗಿಸುತ್ತ ಹೋದರೆ ಹಸಿರು, ನೀಲಿ ಕೊಂಡಿಗಳ ಸರಪಳಿ ಆಗುತ್ತದೆ. ಬೆರಳು ಸುಡುತ್ತದೆ, ಅದು ಲೆಕ್ಕಕ್ಕಿಲ್ಲ. ಆದರೆ ಯುದ್ಧದ ದಿನಗಳಲ್ಲಿ ಚಿಮಣಿ ಎಣ್ಣೆ ಸಿಗುವುದೇ ದುರ್ಲಭವಾಗಿತ್ತು. ಹಗಲು ಹೊತ್ತಿನಲ್ಲಿ ನಾನು ಬುಡ್ಡಿ ಹಚ್ಚಿದ್ದು ಕಂಡರೆ ಅತ್ತೆ ಬಂದು ಫೂ ಎಂದು ಊದಿ ಆರಿಸಿ ಹೋಗುತ್ತಿದ್ದರು.

ಆಗ ಬಂದವಳು ಬೂಬವ್ವ. ಆಕೆ ಹುಕ್ಕೇರಿಯವಳು. ಬಳೆಯ ಬುಟ್ಟಿ ಹೊತ್ತು ಸಂತೆಯಿಂದ ಸಂತೆಗೆ ತಿರುಗುವ ಮುದುಕಿ. ಎಂಥ ಗಡಸು ಕೈಯಾದರೂ ನೋವಾಗದಂತೆ ಹಿಚುಕಿ ಹಿಚುಕಿ ಬಳೆ ಏರಿಸುತ್ತಿದ್ದಳು. ಆ ಸಲ ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಳಿಸಿದಾಗ ಅದರಲ್ಲಿ ಸದ್ದೇ ಆಗಲಿಲ್ಲ.

"ಮುಂಬೈದಿಂದ ಮಾಲ ಬರೂದ ನಿಂತೈತಿ ತಂಗಿ," ಅಂದಳು. "ಹಡಗ ಎಲ್ಲಾ ಲಡಾಯಿಗೆ ಹೋಗ್ಯಾವಂತ. ಮಣಿ ಇಲ್ಲ, ಬಳಿ ಇಲ್ಲ. ಖಾಲಿ ಬುಟ್ಟಿ ಹೊತ್ಕೊಂಡ ತಿರಗಾಕತ್ತೇನಿ. ಮಂದಿ ಬೂಬವ್ವನ ತಲಿ ಸಡಲ ಆಗೈತಿ ಅಂತಾರ."

ನೀರು ಕೊಡಲು ಬಗ್ಗಿದಾಗ ನನ್ನ ಕೊರಳಿನ ಸರ ಆಕೆಯ ಕಣ್ಣಿಗೆ ಬಿತ್ತು. ಗುಲಗಂಜಿ ಮತ್ತು ಸೀತಾಫಲದ ಬೀಜ ಒಂದಾದ ಮೇಲೊಂದು, ನಡುವೆ ನದಿಯ ಗಾಜು. ಆಕೆ ಕೇಳದೆಯೇ ಅದನ್ನು ಬೆರಳಲ್ಲಿ ಹಿಡಿದು ತಿರುವಿ ನೋಡಿದಳು.

"ಇದನ್ನ ಯಾರ ಮಾಡ್ಯಾರ?"

"ನಾನ."

"ಮತ್ತ ಮಾಡ್ತಿ? ನಾ ಹುಕ್ಕೇರಿ ಪ್ಯಾಟ್ಯಾಗ ಮಾರ್ತೇನಿ. ನಿನಗ ಸೂಜಿ, ರೇಷ್ಮಿ ದಾರ, ಏನ ಬೇಕ ಹೇಳು, ತರ್ತೇನಿ."

ಒಳಗಿನಿಂದ ಅತ್ತೆ ಕೂಗಿದರು. "ಕಸಾ ಪೋಣಿಸಿದ್ದನ್ನ ಯಾರ ಕೊಳ್ಳಾಗ ಹಾಕ್ಕೋತಾರ?"

"ಹೆಣಮಕ್ಕಳ ಕೊಳ್ಳ ಖಾಲಿ ಇರಬಾರದ್ರಿ ಯಕ್ಕಾ," ಅಂದಳು ಬೂಬವ್ವ. "ಬಂಗಾರ ಇಲ್ಲಂದ್ರ ಬೀಜಾ."

ಅವತ್ತಿನಿಂದ ನನ್ನ ತಿರುಗಾಟಕ್ಕೆ ಒಂದು ಕಾರಣ ಸಿಕ್ಕಿತು. ಬೂಬವ್ವ ಬಂದಾಗೊಮ್ಮೆ ಮಾಡಿಟ್ಟದ್ದನ್ನು ಒಯ್ಯುವಳು. ಯಾರು ಕೊಂಡರು, ಕೊಂಡವರು ಏನಂದರು ಎಂದು ಬಣ್ಣಿಸುವಳು. ನನಗೆ ಒಂದೇ ಕೊರತೆ ಕಾಡುತ್ತಿತ್ತು. ಬೀಜದ ಅಂಚಿಗೆ ದಾರ ತಿಕ್ಕಿ ಬೇಗ ಹರಿಯುತ್ತಿತ್ತು. "ತಂತಿ ಇದ್ರ ಛಲೋ ಇತ್ತು," ಎಂದು ಆಕೆ ಹೇಳುತ್ತಿದ್ದಳು. ಆದರೆ ತಂತಿ ಎಲ್ಲಿಂದ ಬರಬೇಕು? ಆಗ ಅಂಗಡಿಯಲ್ಲಿ ಒಂದು ಮೊಳೆ ಕೂಡ ಸಿಗುತ್ತಿರಲಿಲ್ಲ.

ಪಂಚಮಿ ಹಬ್ಬಕ್ಕೆ ಅಣ್ಣ ಚಕ್ಕಡಿ ಕಟ್ಟಿಕೊಂಡು ಬಂದು ನನ್ನನ್ನು ತವರಿಗೆ ಕರೆದೊಯ್ದ. ಹುಕ್ಕೇರಿಯ ಹತ್ತಿರದ ಹಳ್ಳಿ ನಮ್ಮದು. ಅದು ಬ್ರಿಟಿಷರಿಗೆ ದೇಶ ಬಿಟ್ಟು ತೊಲಗಿ ಎಂದ ಚಲೇಜಾವ್ ಗಲಾಟೆಯ ವರ್ಷ. ಜೋಕಾಲಿ ಆಡುತ್ತಿದ್ದ ಹೆಣ್ಣುಮಕ್ಕಳ ಬಾಯಲ್ಲೂ ಅದೇ ಸುದ್ದಿ. ಎಲ್ಲೋ ರೈಲು ನಿಂತಿತಂತೆ, ಎಲ್ಲೋ ಚಾವಡಿಗೆ ಬೆಂಕಿ ಹಚ್ಚಿದರಂತೆ, ಹುಡುಗರು ಮನೆ ಬಿಟ್ಟು ಗುಡ್ಡ ಸೇರಿದ್ದಾರಂತೆ. ಗಂಡಸರು ಹತ್ತಿರ ಬಂದರೆ ಮಾತು ಹಾಡಿಗೆ ತಿರುಗುತ್ತಿತ್ತು.

ಮರಳುವ ದಿನ ಧುಪದಾಳದಲ್ಲಿ ಅಣ್ಣ ಎತ್ತುಗಳನ್ನು ನೊಗದಿಂದ ಬಿಚ್ಚಿ ನೀರಿಗೆ ಬಿಟ್ಟ. ಒಡ್ಡಿನ ಮೇಲಿಂದ ಕೆಂಪು ನೀರು ಹಾರಿ ಬೀಳುತ್ತಿತ್ತು. ಅದರ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಅಣ್ಣ ಬುತ್ತಿ ಬಿಚ್ಚುವಷ್ಟರಲ್ಲಿ ನಾನು ಎದ್ದು ಹೊರಟಿದ್ದೆ. ರೈಲು ಹಾದಿಯ ಏರಿಯ ಕೆಳಗೆ ಲೆಕ್ಕಿ ಗಿಡಗಳ ಪೊದೆ. ಅದರೊಳಗೆ ಏನೋ ಹೊಳೆಯಿತು. ಕೈ ಹಾಕಿ ಎಳೆದರೆ ತಂತಿ ಬರುತ್ತಲೇ ಇತ್ತು. ಕೆಂಪಗಿನ ತಾಮ್ರದ ತಂತಿ. ಬೆರಳಿನಿಂದ ಬಾಗಿಸಿದರೆ ಬಾಗುತ್ತಿತ್ತು, ಬಿಟ್ಟರೆ ಬಾಗಿದ ಹಾಗೇ ನಿಲ್ಲುತ್ತಿತ್ತು.

ಮೇಲೆ ಏರಿಯ ಅಂಚಿಗೆ ಒಂದು ಕಂಬವಿತ್ತು. ಅದರ ಬಿಳಿ ಪಿಂಗಾಣಿ ಬಟ್ಟಲುಗಳ ಮೇಲೆ ತಂತಿ ಇರಲಿಲ್ಲ. ಅದನ್ನೂ ನೋಡಿದೆ, ಇದನ್ನೂ ನೋಡಿದೆ. ಎರಡನ್ನೂ ಸೇರಿಸಿ ಯೋಚಿಸಲಿಲ್ಲ. ಎಷ್ಟೋ ತಿಂಗಳಿಂದ ಬಯಸಿದ್ದು ಕೈಗೆ ಬಂದಾಗ ಯಾರಾದರೂ ಕಂಬ ನೋಡುತ್ತ ನಿಲ್ಲುತ್ತಾರೆಯೇ? ಸುತ್ತಿ ಉಡಿಗೆ ಹಾಕಿಕೊಂಡು ಬಂದು ಚಕ್ಕಡಿಯಲ್ಲಿ ಕುಳಿತೆ.

ಆಮೇಲಿನ ದಿನಗಳಲ್ಲಿ ನಾನು ಮಾಡಿದಂಥ ಸರಗಳನ್ನು ಮತ್ತೆ ಎಂದೂ ಮಾಡಲಿಲ್ಲ. ಮಾವನ ಹಳೆಯ ಇಕ್ಕಳದಿಂದ ತಂತಿಯನ್ನು ತುಂಡು ಮಾಡಿ, ಪ್ರತಿ ಗುಲಗಂಜಿಯ ಎರಡೂ ಬದಿಗೆ ಪುಟ್ಟ ಕೊಂಡಿ ಸುತ್ತಿ, ಕೊಂಡಿಗೆ ಕೊಂಡಿ ಸೇರಿಸಿದೆ. ನಡುವೆ ನೀಲಿ ಬಳೆಯ ಚೂರುಗಳು ತೂಗುತ್ತಿದ್ದವು. ಅಲುಗಿದರೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು. ಅತ್ತೆ ಕೂಡ ಒಮ್ಮೆ ಕೈಯಲ್ಲಿ ಹಿಡಿದು ನೋಡಿ ಏನೂ ಹೇಳದೆ ಕೆಳಗಿಟ್ಟರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿರಲಿಲ್ಲ. ಸಂತೆಯ ದಿನ ಬೂಬವ್ವ ಬಂದು ಸರಗಳನ್ನು ಒಯ್ದಳು.

ಮುಂದಿನ ವಾರ ಗಂಡ ಬಂದರು. ಉಳಿದ ತಂತಿ ಗೂಡಿನಲ್ಲಿತ್ತು. ಅದನ್ನು ಕಂಡವರೇ ಅಂಗಿ ಬಿಚ್ಚುತ್ತಿದ್ದವರು ಅರ್ಧಕ್ಕೇ ನಿಂತರು.

"ಇದ ಎಲ್ಲೆ ಸಿಕ್ತು ನಿನಗ?"

"ಧುಪದಾಳದಾಗ. ರೈಲ್ ಹಾದಿ ಬಾಜೂಕ."

"ಇದರಾಗಿಂದ ಏನಾರ ಮಾಡಿ ಕೊಟ್ಟಿಯೇನ?"

"ಬೂಬವ್ವ ಒಯ್ದಾಳ್ರಿ. ಯಾಕ?"

ಅವರು ಅಂಗಿ ಮತ್ತೆ ತೊಟ್ಟುಕೊಂಡು ಕೊಟ್ಟಿಗೆಯಲ್ಲಿದ್ದ ತಾಯಿಯ ಹತ್ತಿರ ಹೋದರು. ಇಬ್ಬರೂ ಎಮ್ಮೆಯ ಆಚೆ ನಿಂತು ಸಣ್ಣ ದನಿಯಲ್ಲಿ ಮಾತಾಡಿದರು. ನಾನು ಬಾಗಿಲವರೆಗೆ ಹೋದರೆ ಮಾತು ನಿಂತಿತು. ಹೊರಡುವಾಗ ಮಾತ್ರ ಗಂಡ ನನ್ನ ಕಡೆ ತಿರುಗಿ ಹೇಳಿದರು. "ಅದು ತಾರಿನ ತಂತಿ, ಕಂಬದಿಂದ ಯಾರೋ ಕಡದದ್ದು. ಸರಕಾರದವರು ಹುಡಕಾಕತ್ತಾರ. ಯಾರ ಮುಂದೂ ಬಾಯಿ ಬಿಡಬ್ಯಾಡ."

ಅವರು ಹೋದ ಮೇಲೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ತಾರಿನ ತಂತಿ ಎಂದು ಇವರು ನೋಡಿದ ಕೂಡಲೇ ಗುರುತಿಸಿದ್ದು ಹೇಗೆ? ಕೆಲವು ವಾರಗಳಿಂದ ಅವರ ಮೈ ಇಳಿದುಹೋಗಿತ್ತು, ಮಾತು ಕಡಿಮೆಯಾಗಿತ್ತು. ಬರುವಾಗ ಕಾಲಿಗೆ ಹತ್ತಿದ ಮಣ್ಣು ರಸ್ತೆಯದಲ್ಲ, ಗುಡ್ಡದ ಕೆಂಪು ಮಣ್ಣು. ಗಿರಣಿಯಿಂದ ನೇರ ಬಂದವರಿಗೆ ಗುಡ್ಡದ ಮಣ್ಣೇಕೆ ಹತ್ತಬೇಕು? ಅತ್ತೆಯನ್ನು ಕೇಳೋಣವೆಂದರೆ ಅವರು ಒಲೆಯ ಮುಂದೆ ಕುಳಿತು, ಮಗನ ಮುಂದಿನ ರಜೆಗೆಂದು ಹಿಂದೆಂದೂ ಇಲ್ಲದಷ್ಟು ಎತ್ತರಕ್ಕೆ ರೊಟ್ಟಿ ಒಟ್ಟುತ್ತಿದ್ದರು.

ಅಮಾವಾಸ್ಯೆ ಕಳೆದ ಮೇಲೆ ಬೂಬವ್ವನ ಅಳಿಯ ಬಂದ. ಮೆಣಸಿನಕಾಯಿ ಗಾಡಿಯ ಜೊತೆಗೆ ಸಂತೆಗೆ ಬಂದಿದ್ದವನು ಹಿತ್ತಲ ಬಾಗಿಲಿನಿಂದ ಕರೆದ. ಒಳಗೆ ಬಾ ಎಂದರೂ ಬರಲಿಲ್ಲ.

"ನಮ್ಮ ಅತ್ತಿನ್ನ ಪೊಲೀಸರ ಹಿಡದಾರ್ರಿ," ಅಂದ. "ಹುಕ್ಕೇರ್ಯಾಗ ಒಬ್ಬ ಕಾರಕೂನನ ಹೆಂಡತಿ ನಿಮ್ಮ ಸರಾ ಕೊಂಡಿದ್ಲು. ಕಾರಕೂನ ತಂತಿ ಗುರತ ಹಿಡದಾನ. ಫೌಜದಾರ ದಿನಾ ಕರಸ್ತಾನ, ಮುಂಜಾನಿಂದ ಸಂಜಿತನಾ ಠಾಣೇ ಕಟ್ಟಿ ಮ್ಯಾಲ ಕುಂದರಿಸ್ತಾನ. ಯಾರ ಕೊಟ್ರು ಹೇಳು ಅಂತಾನ. ಅಲೆಮಾರಿ ಮಂದಿ ಕೊಟ್ಟು ಹೋದ್ರು ಅಂತ ಅತ್ತಿ ಹೇಳ್ಯಾಳ. ನಿಮ್ಮ ಸುದ್ದಿ ಎತ್ತಿಲ್ಲ. ಉಳದ ತಂತಿ ಇದ್ರ ಮುಚ್ಚಿ ಇಡ್ರಿ ಅಂತ ಹೇಳಿ ಕಳಸ್ಯಾಳ."

ಅಷ್ಟು ಹೇಳಿ ಹೊರಟುಹೋದ. ಅತ್ತೆ ಗೂಡಿನಿಂದ ತಂತಿ ತೆಗೆದುಕೊಂಡು ಹೋಗಿ ತಿಪ್ಪೆಯಲ್ಲಿ ಹೂತು ಬಂದರು. ಕೈ ತೊಳೆದು, "ಮುಗೀತು. ಇನ್ನ ಸುಮ್ಮ ಇರು," ಅಂದರು.

ನಾನು ಹೇಗೆ ಸುಮ್ಮನಿರಲಿ? ನೀರಿಗೆ ಹೋದರೆ ಕೊಡ ತುಂಬಿದ್ದು ಗೊತ್ತಾಗುತ್ತಿರಲಿಲ್ಲ. ಪೋಣಿಸಲು ಕುಳಿತರೆ ಬೀಜಗಳು ಬೆರಳಿನಿಂದ ಜಾರಿ ಕೋಣೆಯ ತುಂಬ ಓಡುತ್ತಿದ್ದವು. ಕಣ್ಣ ಮುಂದೆ ಒಂದೇ ಚಿತ್ರ. ಎಲ್ಲರ ಮನೆಯ ಕಟ್ಟೆಯ ಮೇಲೆ ಹೆಣ್ಣುಮಕ್ಕಳ ಕೈ ಹಿಡಿದು ಕೂರುತ್ತಿದ್ದ ಮುದುಕಿ ಈಗ ಬಿಸಿಲಿನಲ್ಲಿ ಠಾಣೆಯ ಕಟ್ಟೆಯ ಮೇಲೆ. ಹೋಗಿ ಹೇಳೋಣವೆಂದರೆ ಇನ್ನೊಂದು ಹೆದರಿಕೆ. ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಧುಪದಾಳ ಎಂದರೆ ಆ ದಾರಿಯಲ್ಲಿ ಓಡಾಡುವವರನ್ನು ಹುಡುಕುತ್ತಾರೆ. ಗಿರಣಿಯಿಂದ ಕೆಂಪು ಮಣ್ಣು ತುಳಿದು ಬರುವವರೂ ಸಿಕ್ಕಿಬೀಳಬಹುದು. ಯಾರನ್ನು ಉಳಿಸಲಿ?

ಒಂದು ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ಏಳುವುದನ್ನೇ ಕಾದು ಹೇಳಿದೆ. "ಅತ್ತಿಯವರ, ನಾ ಹುಕ್ಕೇರಿಗೆ ಹೋಗ್ತೇನ್ರಿ."

"ತವರಮನಿಗೆ?"

"ಠಾಣೇಕ್ಕ."

ಅವರು ಎದ್ದು ಬಾಗಿಲ ಕಡೆ ಬಂದರು. ಬೈಯಬಹುದು, ಬಾಗಿಲು ಹಾಕಬಹುದು ಎಂದುಕೊಂಡೆ.

"ಫೌಜದಾರ ಕೇಳಿದ್ರ ಏನ ಹೇಳ್ತಿ?"

"ನಾ ಮಾಡೇನಿ ಅಂತ ಹೇಳ್ತೇನಿ. ಎಲ್ಲೆ ಸಿಕ್ತು ಅಂತ ಮಾತ್ರ..."

"ಅದನ್ನ ನನಗ ಬಿಡು," ಅಂದರು ಅತ್ತೆ. "ಮಾಡಿದ್ದನ್ನ ನೀ ಹೇಳು, ಸಿಕ್ಕಿದ್ದನ್ನ ನಾ ಹೇಳ್ತೇನಿ. ಆ ಬೂಬವ್ವ ನಮ್ಮ ಸಲುವಾಗಿ ಯಾಕ ಕುಂದರಬೇಕು? ಬುತ್ತಿ ಕಟ್ಟು."

ಎಮ್ಮೆಯನ್ನು ನೆರೆಯವರಿಗೆ ಒಪ್ಪಿಸಿ ಬೆಲ್ಲದ ಗಾಡಿ ಹತ್ತಿದೆವು. ಘಟಪ್ರಭಾದಲ್ಲಿ ಅತ್ತೆಯ ನಂಟರ ಮನೆಯಲ್ಲಿ ಉಳಿದು, ಮರುದಿನ ಹುಕ್ಕೇರಿಯ ಮೋಟಾರು ಹಿಡಿದೆವು. ಇದ್ದಿಲ ಗ್ಯಾಸಿನಲ್ಲಿ ಓಡುವ ಮೋಟಾರು. ಹಿಂದೆ ಒಲೆಯಂಥ ಡಬ್ಬಿ, ಏರು ಬಂದಲ್ಲೆಲ್ಲ ನಿಂತುಬಿಡುತ್ತಿತ್ತು. ಮಂದಿ ಇಳಿದು ನೂಕುತ್ತಿದ್ದರು. ಪ್ರತಿ ಸಲ ನಿಂತಾಗಲೂ ನನಗೆ ಇಳಿದು ಹಿಂದಕ್ಕೆ ಓಡಿಹೋಗಬೇಕೆನಿಸುತ್ತಿತ್ತು, ಮುಂದಕ್ಕೂ ಓಡಿಹೋಗಬೇಕೆನಿಸುತ್ತಿತ್ತು. ಅತ್ತೆ ಸೆರಗು ಹೊದ್ದು ಕಿಟಕಿಯ ಹೊರಗೆ ನೋಡುತ್ತಿದ್ದರು. ರಸ್ತೆಯ ಬದಿಯ ಕಂಬಗಳಿಗೆ ಹೊಸ ತಂತಿ ಎಳೆಯುತ್ತಿದ್ದರು.

ಬೂಬವ್ವ ಠಾಣೆಯ ಕಟ್ಟೆಯ ಮೂಲೆಯಲ್ಲಿ ಕುಳಿತಿದ್ದಳು. ಹೊಡೆದಿರಲಿಲ್ಲ. ಆದರೆ ಮುಖ ಕಂದಿ ಒಂದು ಮುಷ್ಟಿಯಷ್ಟಾಗಿತ್ತು. ನಮ್ಮನ್ನು ನೋಡಿದವಳೇ ಗುರುತೇ ಇಲ್ಲದವಳಂತೆ ಮುಖ ತಿರುಗಿಸಿಕೊಂಡಳು. ಆ ತಿರುಗಿಸಿಕೊಂಡ ಮುಖ ನೋಡಿದ ಮೇಲೆ ನನಗೆ ಹಿಂದಕ್ಕೆ ಹೋಗುವ ದಾರಿ ಉಳಿಯಲಿಲ್ಲ. ಒಳಗೆ ಹೋದೆ.

ಫೌಜದಾರ ನಡುವಯಸ್ಸಿನವನು. ನೆಗಡಿಯಿಂದ ಕಣ್ಣು ಕೆಂಪಾಗಿದ್ದವು. ಮೇಜಿನ ಮೇಲೆ ನನ್ನ ಸರ ಬಿದ್ದಿತ್ತು.

"ಏನ ಕೆಲಸಾ?"

"ಆ ಸರಾ ನಾ ಮಾಡಿದ್ದು, ಸಾಹೇಬರ," ಅಂದೆ. ನನ್ನ ದನಿ ನನಗೇ ಕೇಳಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು. "ಬೂಬವ್ವಂದೇನೂ ತಪ್ಪಿಲ್ರಿ. ಆಕಿ ಮಾರಿದ್ಲು ಅಷ್ಟ."

ಅವನು ನನ್ನನ್ನೂ ಅತ್ತೆಯನ್ನೂ ಅಳೆದು ನೋಡಿದ. "ಯಾರ ಹೇಳಿಕೊಟ್ಟು ಕಳಿಸ್ಯಾರ ನಿನ್ನ? ನೀ ಮಾಡಿದ್ದು ಖರೆ ಅಂದ್ರ, ಇಲ್ಲೇ ಮಾಡಿ ತೋರ್ಸು."

ನಾನು ತಂದಿದ್ದ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದೆ. ಗುಲಗಂಜಿಗಳು ಉರುಳಿ ಅವನ ಕಾಗದಗಳ ನಡುವೆ ಹೊಕ್ಕವು. ಸೂಜಿ, ಬಳೆಯ ಚೂರು, ಇಕ್ಕಳ. ತಂತಿ ಇರಲಿಲ್ಲ. ಅವನು ಸರದ ತುದಿಯಿಂದ ಒಂದು ತುಂಡು ಬಿಚ್ಚಿ ನನ್ನ ಮುಂದೆ ಎಸೆದ.

ಮೊದಲ ಕೊಂಡಿ ಸೊಟ್ಟಗಾಯಿತು. ಎರಡನೆಯದರಲ್ಲಿ ಬೀಜವೇ ಸೀಳಿತು. ಒಬ್ಬ ಸಿಪಾಯಿ ನಕ್ಕ. ಆಗ ಅತ್ತೆ ಮುಂದೆ ಬಂದು ತಂತಿಯ ಒಂದು ತುದಿಯನ್ನು ತಮ್ಮ ದಪ್ಪ ಬೆರಳುಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. "ಸಾವಕಾಶ," ಅಂದರು, "ಯಾವ ಗಾಡಿ ಹಿಡೀಬೇಕಾಗೈತಿ?" ತುದಿ ಅಲುಗದೆ ನಿಂತಿತು. ನಾನು ಸುತ್ತಿದೆ. ಬೀಜ ತೂರಿಸಿದೆ, ಮತ್ತೆ ಸುತ್ತಿದೆ. ಮುಗಿದದ್ದನ್ನು ಮೇಜಿನ ಮೇಲಿಟ್ಟಾಗ ಅದು ಚೆಂದವೇನೂ ಇರಲಿಲ್ಲ, ಆದರೆ ಸರದ ಕೊಂಡಿಯಂಥದೇ ಕೊಂಡಿ.

ಫೌಜದಾರ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ. "ಆತು. ಮಾಡಿದ್ದು ನೀನ. ತಂತಿ ಎಲ್ಲಿಂದ ಬಂತು?"

ನಾನು ಇಕ್ಕಳ ಎತ್ತಿ ಚೀಲಕ್ಕೆ ಹಾಕಿಕೊಂಡೆ.

"ನಮ್ಮ ಮನ್ಯಾಗಿಂದರಿ," ಅಂದರು ಅತ್ತೆ. "ನಮ್ಮ ಮನಿಯವರು ಏಕತಾರಿ ಹಿಡದು ಭಜನಿ ಹಾಡತಿದ್ರು. ಅದರ ಸೋರಿ ಬುರಡಿ ಸೀಳಿತ್ತು. ಬಿಗಿಯಾಕ ಅಂತ ತಂದಿಟ್ಟ ತಂತಿ. ಅವರು ತೀರಿಕೊಂಡ್ರು, ತಂತಿ ಉಳೀತು. ಈ ಹುಡುಗಿ ಕೈಗೆ ಸಿಕ್ಕಿದ್ದನ್ನ ಬಿಡೂದಿಲ್ಲ."

"ಖರೆ?"

"ಖರೇನ್ರಿ."

"ಕೊಳ್ಳಾಗ ಲಿಂಗ ಐತೆಲ್ಲ. ಮುಟ್ಟಿ ಹೇಳ್ತಿ?"

ನಾನು ಅತ್ತೆಯ ಕಡೆ ನೋಡಲಾರದೆ ನೆಲ ನೋಡಿದೆ. ಲಿಂಗಕ್ಕೆ ನೀರೆರೆಯದೆ ಒಂದು ತುತ್ತು ಬಾಯಿಗಿಡದ ಹೆಂಗಸು ಅವರು. ಜ್ವರ ಬಂದಾಗಲೂ ತಪ್ಪಿಸಿದವರಲ್ಲ. ಸೆರಗಿನ ಒಳಗೆ ಕೈ ಹೋದದ್ದು ಕಾಣಿಸಿತು. ಮುಷ್ಟಿ ಕಟ್ಟಿಕೊಂಡು, "ಮುಟ್ಟೇನ್ರಿ. ಮನ್ಯಾಗಿಂದ," ಅಂದರು. ದನಿ ಸ್ವಲ್ಪವೂ ಅಲುಗಲಿಲ್ಲ.

ಅವನು ನಂಬಿದನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಸೀನಿದ, ಮೂಗು ಒರೆಸಿಕೊಂಡ, ಸರವನ್ನು ಎತ್ತಿ ಡ್ರಾವರಿಗೆ ಹಾಕಿದ. "ಇನ್ನೊಮ್ಮೆ ತಂತಿ ಮುಟ್ಟಿದ್ರ ಒಳಗ ಹಾಕ್ತೇನಿ. ದಾರದಾಗ ಪೋಣಸ್ಕೋತ ಕುಂದರು. ಆ ಮುದಿಕಿನ್ನ ಕರಕೊಂಡ ನಡೀರಿ."

ಬೂಬವ್ವನ ಮನೆಯವರೆಗೆ ಮೂವರೂ ನಡೆದೆವು. ಮನೆ ಬಂದ ಮೇಲೆ ಆಕೆ ಬಾಗಿಲಲ್ಲೇ ಕುಸಿದು ಕುಳಿತು ಅತ್ತಳು. ಆಮೇಲೆ ಎದ್ದು ಹೋಗಿ ಬಾಳೆಹಣ್ಣು ತಂದಳು. ಮುಸಲ್ಮಾನರ ಮನೆಯಲ್ಲಿ ಬೇಯಿಸಿದ್ದನ್ನು ಅತ್ತೆ ಉಣ್ಣುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಅತ್ತೆ ಹಣ್ಣು ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡರು. "ಊರಿಗೆ ಹೋಗಿ ತಿಂತೇನಿ," ಅಂದರು.

ಊರಿಗೆ ಬಂದರೂ ತಿನ್ನಲಿಲ್ಲ. ಹಣ್ಣನ್ನು ನನಗೆ ಕೊಟ್ಟು ತಾವು ಉಪವಾಸ ಕುಳಿತರು. ಒಲೆ ನಾನೇ ಹಚ್ಚಿದೆ. ಎರಡು ದಿನ ಅವರು ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಅವರು ಅಷ್ಟು ಚಡಪಡಿಸುವುದನ್ನು ನಾನು ಮೊದಲ ಸಲ ಕಂಡದ್ದು. ಪೂಜೆಗೆ ಕುಳಿತವರು ನಡುವೆಯೇ ಏಳುವರು, ಬಾಗಿಲಿಗೆ ಹೋಗಿ ರಸ್ತೆ ನೋಡುವರು, ಮತ್ತೆ ಬಂದು ಕೂರುವರು. ಮೂರನೆಯ ಬೆಳಿಗ್ಗೆ ನನ್ನನ್ನು ಕರೆದರು.

"ನಿನ್ನ ಕೈ ಆಡ್ತಾವಲ್ಲ. ನನಗೊಂದು ಹೊಸಾ ಶಿವದಾರ ಹೆಣದ ಕೊಡು."

ಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ ದಾರ ಅದು. ಹಳೆಯದು ಗಟ್ಟಿಯಾಗಿಯೇ ಇತ್ತು. ಆದರೆ ಸುಳ್ಳು ಆಣೆ ಮಾಡುವಾಗ ಕೊರಳಲ್ಲಿದ್ದದ್ದು ಅದೇ. ಗಂಡ ಗಿರಣಿಯಿಂದ ತಂದಿಟ್ಟಿದ್ದ ನೂಲಿನಲ್ಲಿ ಒಳ್ಳೆಯ ಎಳೆಗಳನ್ನು ಆರಿಸಿ, ತೊಳೆದು ಒಣಗಿಸಿ ಹೆಣೆದೆ. ಅದರಲ್ಲಿ ಒಂದು ಮಣಿಯನ್ನೂ ಸೇರಿಸಲಿಲ್ಲ, ಬಣ್ಣವನ್ನೂ ಹಚ್ಚಲಿಲ್ಲ. ಅತ್ತೆ ಹೊಸ ದಾರದಲ್ಲಿ ಲಿಂಗ ಕಟ್ಟಿಕೊಂಡು ಪೂಜೆ ಮಾಡಿದರು. ಹಳೆಯ ದಾರವನ್ನು ಬಾವಿಗೆ ಹೋಗುವ ದಾರಿಯಲ್ಲಿ ಗಿಡದ ಬುಡದಲ್ಲಿ ಮಣ್ಣು ಮಾಡಿದರು. ಆಮೇಲೆ ಉಂಡರು.

ಉಣ್ಣುವಾಗ ನಾನು ಕೇಳಿಬಿಟ್ಟೆ. "ನಿಮಗ ಗೊತ್ತಿತ್ತೇನ್ರಿ? ಅವರು ತಂತಿ ಕಡಿತಾರ ಅಂತ?"

"ಕಡೀತಾನೋ ಇಲ್ಲೋ ನನಗ ಗೊತ್ತಿಲ್ಲ. ಅವನ ಹೊಟ್ಟಿ ಎಷ್ಟೈತಿ ಅನ್ನೂದು ಮಾತ್ರ ಗೊತ್ತೈತಿ," ಅಂದರು. "ನಾ ಹಡದ ಮಗಾ. ಅಷ್ಟ ರೊಟ್ಟಿ ಅವನ ಒಬ್ಬಂವನ ಹೊಟ್ಟ್ಯಾಗ ಹಿಡ್ಯೂದಿಲ್ಲ."

ಗಂಡ ಬರುವ ದಿನ ಬಂತು. ಬರಲಿಲ್ಲ. ನಾನು ಊರ ಹೊರಗಿನವರೆಗೆ ಹೋಗಿ ಹೋಗಿ ಬಂದೆ. ಮತ್ತೊಂದು ವಾರ ಕಳೆದು ಒಂದು ಸಂಜೆ ಬಂದರು, ಗಡ್ಡ ಬೆಳೆದಿತ್ತು. ಹುಕ್ಕೇರಿಯ ಸುದ್ದಿಯನ್ನೆಲ್ಲ ನಾನೇ ಹೇಳಿದೆ. ತಾಯಿ ಲಿಂಗ ಮುಟ್ಟಿದ್ದನ್ನು ಹೇಳಿದಾಗ ತಲೆ ತಗ್ಗಿಸಿ ಕುಳಿತುಬಿಟ್ಟರು.

"ಯವ್ವಾ, ನಾ ಕಡದಿಲ್ಲ," ಅಂದರು ಕೊನೆಗೆ. "ಕಡದವರಿಗೆ ರೊಟ್ಟಿ ಕೊಟ್ಟೇನಿ. ಗುಡ್ಡದ ಗವಿಯಾಗ ಅದಾರ. ನಮ್ಮ ಗಿರಣ್ಯಾಗಿನ ಹುಡುಗರ. ಜ್ವರ ಬಂದು ಒಬ್ಬಂವ ಏಳಾಕ ಒಲ್ಲ. ಅದಕ್ಕ ಈ ಸಲ ಬರಾಕ ಆಗಲಿಲ್ಲ."

"ಜ್ವರಾ ಬಂದಾವಗ ಕಡಕ್ ರೊಟ್ಟಿ ಕೊಟ್ಟಿಯೇನ?" ಎಂದು ಅತ್ತೆ ಗದರಿದರು. ಎದ್ದು ಹೋಗಿ ನುಚ್ಚಕ್ಕಿ ಗಂಟು ಕಟ್ಟತೊಡಗಿದರು. ಅಷ್ಟೇ. ಮತ್ತೆ ಆ ಮಾತು ಮನೆಯಲ್ಲಿ ಬರಲಿಲ್ಲ. ತಿಪ್ಪೆಯ ತಂತಿಯನ್ನು ಗಂಡ ಅಗೆದುಕೊಂಡು ಹೋಗಿ ಹೊಳೆಗೆ ಹಾಕಿದರಂತೆ. ಬೇಸಿಗೆಯ ಹೊತ್ತಿಗೆ ಗವಿಯ ಹುಡುಗರು ಒಬ್ಬೊಬ್ಬರಾಗಿ ಕೊಲ್ಲಾಪುರದ ಕಡೆ ದಾಟಿಹೋದರು. ಜ್ವರದವನು ದಾಟಲಿಲ್ಲ. ಅವನನ್ನು ಗುಡ್ಡದಲ್ಲೇ ಮಣ್ಣು ಮಾಡಿದರು ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಅವನ ಮುಖವನ್ನು ನಾನು ಕಂಡವಳಲ್ಲ. ಆದರೂ ನಾನು ಉಡಿಗೆ ಹಾಕಿಕೊಂಡ ತಂತಿ ಅವನ ಕೈಯಿಂದ ಬಿದ್ದದ್ದೋ ಏನೋ ಎಂಬ ಯೋಚನೆ ಬಂದರೆ ಈಗಲೂ ಕುಳಿತಲ್ಲಿ ಕೂರಲಾಗುವುದಿಲ್ಲ.

ಬೂಬವ್ವ ಮತ್ತೆ ಬರುತ್ತಾಳೆಂದು ನಾನು ನಂಬಿರಲಿಲ್ಲ. ಬೇಸಿಗೆಗೆ ಮೊದಲೇ, ಸುಗ್ಗಿಯ ಕಾಲಕ್ಕೆ ಬಂದಳು. ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, "ದಾರದಾಗ ಏನಾರ ಮಾಡಿಟ್ಟಿ?" ಎಂದು ಕೇಳಿದಳು, ನಡುವೆ ಏನೂ ನಡೆದೇ ಇಲ್ಲ ಎನ್ನುವ ಹಾಗೆ. ನಾನು ಏನೂ ಮಾಡಿರಲಿಲ್ಲ. ಬೀಜಗಳನ್ನು ನೋಡಿದರೆ ಠಾಣೆಯ ಮೇಜು ಕಣ್ಣಿಗೆ ಕಟ್ಟುತ್ತಿತ್ತು.

"ಅಷ್ಟ ದಿನಾ ಕುಂದರಿಸಿದ್ರು," ಅಂದೆ. "ನನ್ನ ಹೆಸರ ಹೇಳಿದ್ರ ಅವತ್ತ ಬಿಡತಿದ್ರು. ಯಾಕ ಹೇಳ್ಲಿಲ್ಲ ಬೂಬವ್ವಾ?"

"ಹೇಳಬೇಕಂತ ಮಾಡಿದ್ದೆ," ಅಂದಳು ಆಕೆ. "ಖರೆ ಹೇಳ್ತೇನಿ. ಎರಡನೇ ದಿನಾ ಬಾಯಿ ತನಕಾ ಬಂದಿತ್ತು. ಆವಾಗ ಆ ಫೌಜದಾರ ನಿನ್ನ ಸರಾ ಕೈಯಾಗ ಹಿಡದು, ಇಂಥಾ ಕಸಾ ಯಾರ ಮಾಡ್ತಾರ ಅಂದಾ. ನನಗ ಸಿಟ್ಟ ಬಂತು. ನಾ ಮಾರೂದು ಕಸಾ ಏನ? ಹೇಳಲಿಲ್ಲ."

ಒಳಗೆ ಒಲೆಯ ಮುಂದೆ ಅತ್ತೆ ಗೊಳ್ಳೆಂದು ನಕ್ಕದ್ದು ಕೇಳಿಸಿತು. ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಬಿಸಿ ರೊಟ್ಟಿಯ ಮೇಲೆ ಖಾರ, ಎಣ್ಣೆ ಹಾಕಿಕೊಂಡು ತಾವೇ ಹೊರಗೆ ಬಂದು ಬೂಬವ್ವನ ಕೈಗೆ ಕೊಟ್ಟರು. ಆಕೆ ತಿನ್ನುತ್ತಿದ್ದಂತೆ ನಾನು ಚೀಲ ತಂದು ಬಿಚ್ಚಿದೆ. ಬೆರಳು ಒರೆಸಿಕೊಂಡು ಆಕೆ ಬೀಜ ಆರಿಸಿ ಕೊಟ್ಟಳು, ನಾನು ಪೋಣಿಸಿದೆ. ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಒಂದು ಸರವಾಯಿತು. ಬೂಬವ್ವ ಅದನ್ನು ಬುಟ್ಟಿಗೆ ಹಾಕಿಕೊಂಡು, ತಲೆಗೆ ಸಿಂಬಿ ಇಟ್ಟು, ಮುಂದಿನ ಓಣಿಯ ಕಡೆ ನಡೆದಳು.